ಏದುಸಿರಿನ ಲೆಕ್ಕ

ಮಹಡಿ ಹತ್ತಿದರೆ ಏದುಸಿರು ಬರುತ್ತದೆಯೇ? ಸುಮ್ಮನೆ ಕೂತಾಗಲೂ ಬರುತ್ತದೆಯೇ? ಹೆಚ್ಚುಕಡಿಮೆ ಇಂಥ ಪ್ರಶ್ನೆಗಳನ್ನೇ ನಂಬಿ ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ 1928ರಲ್ಲಿ ಹೃದ್ರೋಗಿಗಳನ್ನು ವರ್ಗಗಳಾಗಿ ವಿಂಗಡಿಸಿತು. ರೋಗಿ ಹೇಳಿದ್ದೇ ಅಳತೆ. ಹೀಗಾಗಿ ಒಬ್ಬ ವೈದ್ಯರಿಗೆ ಎರಡನೇ ವರ್ಗದವನಾಗಿ ಕಂಡವನು ಇನ್ನೊಬ್ಬರಿಗೆ ಮೂರನೆಯದರಲ್ಲಿ ಕಾಣುವುದೂ ಉಂಟು.

1967ರಲ್ಲಿ ನ್ಯೂಯಾರ್ಕಿನ ಥಾಮಸ್ ಕಿಲಿಪ್ ಮತ್ತು ಜಾನ್ ಕಿಂಬಾಲ್ ಹೃದಯಾಘಾತವಾದ 250 ಮಂದಿಯನ್ನು ತಮ್ಮದೇ ನಾಲ್ಕು ವರ್ಗಗಳಾಗಿ ವಿಂಗಡಿಸಿ ವಿವರ ಪ್ರಕಟಿಸಿದರು. ಅವರ ಮುಖ್ಯ ಸಲಕರಣೆ ಸ್ಟೆತಾಸ್ಕೋಪು. ಬೆನ್ನಿಗಿಟ್ಟು ಆಲಿಸಿದಾಗ ಶ್ವಾಸಕೋಶದಲ್ಲಿ ನೀರು ತುಂಬಿದ ಚಟಚಟ ಸದ್ದು ಇಲ್ಲದಿದ್ದರೆ ಮೊದಲ ವರ್ಗ; ರಕ್ತದೊತ್ತಡ ಕುಸಿದು ಮೈ ತಣ್ಣಗಾಗಿದ್ದರೆ ನಾಲ್ಕನೆಯದು. ಮೊದಲನೆಯದರಲ್ಲಿ ಸತ್ತವರು ಶೇ. 6, ಕೊನೆಯದರಲ್ಲಿ ಶೇ. 81! ಇಷ್ಟು ಅಗ್ಗದ ಪರೀಕ್ಷೆ ಇಷ್ಟು ನಿಖರವಾಗಿ ಹೇಳಿದ್ದು ಅಪರೂಪವೇ ಸರಿ.

ಹೃದಯ ಕಸಿ ಬಂದ ಮೇಲೆ ಯಾರಿಗೆ ಮೊದಲು ಎಂಬ ಸರದಿಯ ಪ್ರಶ್ನೆ ಎದ್ದಿತು. 1991ರಲ್ಲಿ ಡೊನ್ನಾ ಮ್ಯಾನ್ಸಿನಿ ತಂಡ ರೋಗಿಗಳಿಗೆ ವ್ಯಾಯಾಮ ಮಾಡಿಸಿ, ಅವರು ಬಳಸುವ ಆಮ್ಲಜನಕವನ್ನು ಅಳೆಯಿತು. ನಿಮಿಷಕ್ಕೆ ಪ್ರತಿ ಕಿಲೋ ತೂಕಕ್ಕೆ 14 ಮಿಲಿಲೀಟರ್ ಮೀರಿದವರು ಕಸಿಗೆ ಕಾಯಬಹುದು ಎಂದಿತು.

ಆಮೇಲೆ ಕಂಪ್ಯೂಟರಿನ ಕಾಲ: ಹೃದಯ ವೈಫಲ್ಯದ ರೋಗಿ ಎಷ್ಟು ಕಾಲ ಬದುಕಬಹುದೆಂದು ಲೆಕ್ಕ ಹಾಕಲು 2006ರಲ್ಲಿ ಸಿಯಾಟಲ್ ಮಾದರಿ, 2013ರಲ್ಲಿ ಅಂಥ 39,372 ರೋಗಿಗಳ ದಾಖಲೆ ಆಧರಿಸಿದ ಮ್ಯಾಜಿಕ್ (MAGGIC) ಅಂಕ. ವಯಸ್ಸು, ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್, ಧೂಮಪಾನ ಸೇರಿ 13 ಸಂಗತಿ ಕೂಡಿಸುವ ಈ ಅಂಕ ಒಂದು ಮತ್ತು ಮೂರು ವರ್ಷದೊಳಗಿನ ಸಾವಿನ ಸಾಧ್ಯತೆಯನ್ನು ಅಂದಾಜಿಸುತ್ತದೆ.