ಕಬಾಲ್ ಹೆಲ್: ಹ್ಯಾಸ್ಕೆಲ್ ಪ್ಯಾಕೇಜ್‌ಗಳ ಕಗ್ಗಂಟು ಬಿಡಿಸಿದ ಬಗೆ

ಹ್ಯಾಸ್ಕೆಲ್ ಭಾಷೆಯಲ್ಲಿ ಒಮ್ಮೆ ಹೆಸರಿಟ್ಟ ಮೌಲ್ಯ ಮತ್ತೆ ಬದಲಾಗುವುದಿಲ್ಲ. ಒಂದೇ ಇನ್‌ಪುಟ್ ಕೊಟ್ಟರೆ ಫಂಕ್ಷನ್ ಎಷ್ಟು ಸಲವಾದರೂ ಒಂದೇ ಉತ್ತರ ಕೊಡಬೇಕೆಂಬುದು ಫಂಕ್ಷನಲ್ ಪ್ರೋಗ್ರಾಮಿಂಗ್‌ನ ಮೂಲ ನಿಯಮ. ಆದರೆ ಈ ಭಾಷೆಯ ಲೈಬ್ರರಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸಾಧನಗಳು ಬಹುಕಾಲ ಈ ನಿಯಮಕ್ಕೆ ತದ್ವಿರುದ್ಧವಾಗಿಯೇ ನಡೆದವು. ನಿನ್ನೆ ಸರಿಯಾಗಿ ಕಂಪೈಲ್ ಆಗಿದ್ದ ಪ್ರೋಗ್ರಾಮ್, ಒಂದಕ್ಷರವನ್ನೂ ತಿದ್ದದಿದ್ದರೂ ಇಂದು ಕೈಕೊಡುತ್ತಿತ್ತು. ಈ ಪಾಡಿಗೆ ಬಳಕೆದಾರರು, ಅಂಥ ಸಾಧನಗಳಲ್ಲಿ ಒಂದಾದ ಕಬಾಲ್‌ನ ಹೆಸರು ಸೇರಿಸಿ, ಇಟ್ಟ ಹೆಸರು ‘ಕಬಾಲ್ ಹೆಲ್’.

1987ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ, ಆಗ ಬಳಕೆಯಲ್ಲಿದ್ದ ಹಲವು ಫಂಕ್ಷನಲ್ ಭಾಷೆಗಳ ಬದಲು ಎಲ್ಲರಿಗೂ ಸಲ್ಲುವ ಒಂದು ಭಾಷೆ ರೂಪಿಸಲು ಸಂಶೋಧಕರು ಸಮಿತಿ ರಚಿಸಿದರು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರು ಹೊತ್ತ ಆ ಭಾಷೆಯ ಮೊದಲ ವರದಿ 1990ರಲ್ಲಿ ಹೊರಬಂತು. ವರದಿ ಭಾಷೆಯ ವ್ಯಾಕರಣವನ್ನೂ ಮೂಲ ಲೈಬ್ರರಿಯನ್ನೂ ವಿವರಿಸಿತ್ತು. ಒಬ್ಬರು ಬರೆದ ಲೈಬ್ರರಿ ಇನ್ನೊಬ್ಬರ ಕಂಪ್ಯೂಟರಿಗೆ ಹೋಗುವ ದಾರಿಯ ಬಗ್ಗೆ ಏನನ್ನೂ ಹೇಳಿರಲಿಲ್ಲ. ಬಳಸುವವರು ಬಹುಪಾಲು ವಿಶ್ವವಿದ್ಯಾಲಯದವರೇ ಆಗಿದ್ದ ಆ ಕಾಲದಲ್ಲಿ, ಕಂಪೈಲರ್ ಜೊತೆಗೆ ಬಂದ ಲೈಬ್ರರಿಗಳಿಂದಲೇ ಹೆಚ್ಚಿನ ಕೆಲಸ ನಡೆಯುತ್ತಿತ್ತು. ಹೊರಗಿನದೇನಾದರೂ ಬೇಕಾದರೆ ಸೋರ್ಸ್ ಕೋಡ್ ಇಳಿಸಿಕೊಂಡು, ಅದರ ಲೇಖಕ ತನ್ನ ಯಂತ್ರಕ್ಕೆ ಹೊಂದುವಂತೆ ಬರೆದ ಮೇಕ್‌ಫೈಲನ್ನು, ಅಂದರೆ ಪ್ರೋಗ್ರಾಮ್ ಕಟ್ಟುವ ಸೂಚನೆಗಳ ಕಡತವನ್ನು, ತಿದ್ದಿಕೊಳ್ಳಬೇಕಿತ್ತು.

ಈ ಕೊರತೆ ತುಂಬಲು ಬಂದದ್ದು ಕಬಾಲ್. ಪ್ಯಾಕೇಜಿನ ಹೆಸರು, ಆವೃತ್ತಿ, ಅದಕ್ಕೆ ಬೇಕಾದ ಇತರ ಪ್ಯಾಕೇಜ್‌ಗಳು, ಇಷ್ಟನ್ನೂ ಒಂದು ಕಡತದಲ್ಲಿ ಬರೆದಿಟ್ಟರೆ, ಯಾವ ಕಂಪೈಲರ್ ಆದರೂ ಕಾನ್ಫಿಗರ್, ಬಿಲ್ಡ್, ಇನ್‌ಸ್ಟಾಲ್ ಎಂಬ ಮೂರು ಹೆಜ್ಜೆಗಳಲ್ಲಿ ಕೆಲಸ ಮುಗಿಯಬೇಕೆಂಬುದು ಅದರ ಉದ್ದೇಶ. 2005ರಲ್ಲಿ ಗ್ಲಾಸ್ಗೋ ಹ್ಯಾಸ್ಕೆಲ್ ಕಂಪೈಲರ್, ಅಂದರೆ ಜಿಎಚ್‌ಸಿಯ 6.4ನೇ ಆವೃತ್ತಿಯೊಂದಿಗೆ ಅದು ಬಳಕೆದಾರರ ಕೈಸೇರಿತು. 2007ರಲ್ಲಿ ಹ್ಯಾಕೇಜ್ ಎಂಬ ಸಾರ್ವಜನಿಕ ಭಂಡಾರ ತೆರೆಯಿತು. ಅಲ್ಲಿಂದ ಪ್ಯಾಕೇಜನ್ನೂ ಅದರ ಅವಲಂಬನೆಗಳನ್ನೂ ಒಂದೇ ಆದೇಶದಲ್ಲಿ ಇಳಿಸಿ ಕಟ್ಟುವ ‘ಕಬಾಲ್ ಇನ್‌ಸ್ಟಾಲ್’ ಸಾಧನವೂ ಬೆನ್ನಿಗೇ ಬಂತು. ಪ್ರಕಟಿಸುವುದು ಸುಲಭವಾದ್ದರಿಂದ ಭಂಡಾರ ಬೇಗ ಬೆಳೆಯಿತು. ಒಂದು ಪ್ಯಾಕೇಜ್ ಇನ್ನೊಂದನ್ನು ನೆಚ್ಚುವ ಸರಪಳಿಯೂ ಉದ್ದವಾಯಿತು.

ಅದೇ 2007ರಲ್ಲಿ ಜಿಎಚ್‌ಸಿ 6.8 ಬಂದಾಗ ‘ಬೇಸ್’ ಎಂಬ ಮೂಲ ಪ್ಯಾಕೇಜನ್ನು ಒಡೆದು ಹಲವು ಸಣ್ಣ ಪ್ಯಾಕೇಜ್‌ಗಳನ್ನಾಗಿ ಮಾಡಲಾಯಿತು. ಅದುವರೆಗೆ ಬೇಸ್ ಒಂದನ್ನೇ ನಮೂದಿಸಿದ್ದ ಕಡತಗಳೆಲ್ಲ ಹಳತಾದವು. ‘ಡೇಟಾ.ಮ್ಯಾಪ್’ ಮಾಡ್ಯೂಲ್ ಈಗ ‘ಕಂಟೇನರ್ಸ್’ ಪ್ಯಾಕೇಜಿನಲ್ಲಿದೆ, ಆ ಪ್ಯಾಕೇಜ್ ಮರೆಯಲ್ಲಿದೆ ಎಂಬಂಥ ದೂರು ಪರದೆಯ ಮೇಲೆ ಕಾಣತೊಡಗಿತು. ಇದಕ್ಕೆ ಪರಿಹಾರ ಸರಳ: ಅವಲಂಬನೆಗಳ ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಸಾಕು. ಆದರೆ ಆವೃತ್ತಿಯ ಮಿತಿ ಬರೆಯದೆ ಬಿಟ್ಟರೆ ಮುಂದಿನ ಬದಲಾವಣೆ ಯಾರನ್ನಾದರೂ ಬೀಳಿಸಬಹುದೆಂಬ ಎಚ್ಚರ ಮೂಡಿತು. ಆವೃತ್ತಿ ಸಂಖ್ಯೆಗೆ ಅರ್ಥ ಕೊಡುವ ಒಂದು ನೀತಿ ರೂಢಿಗೆ ಬಂತು. ಅದರಂತೆ ಹಳೆಯ ಕೋಡ್ ಮುರಿಯುವಂಥ ಬದಲಾವಣೆಯಾದರೆ ಮೊದಲ ಎರಡು ಅಂಕಿಗಳಲ್ಲಿ ಒಂದು ಏರಬೇಕು. ಹೊಸತನ್ನು ಸೇರಿಸಿದ್ದಷ್ಟೇ ಆದರೆ ಮೂರನೆಯದು ಏರಿದರೆ ಸಾಕು.

ನಿಜವಾದ ಕಗ್ಗಂಟು ಇದ್ದದ್ದು ಇನ್ನೂ ಕೆಳಗೆ. ವೇಗಕ್ಕಾಗಿ ಜಿಎಚ್‌ಸಿ ಒಂದು ಪ್ಯಾಕೇಜಿನ ಸಣ್ಣ ಫಂಕ್ಷನ್‌ಗಳನ್ನು ಇನ್ನೊಂದರ ಕಂಪೈಲ್ ಆದ ರೂಪದೊಳಕ್ಕೇ ನಕಲು ಮಾಡುತ್ತದೆ. ಹೀಗಾಗಿ ಕಂಪೈಲ್ ಆದ ಪ್ಯಾಕೇಜ್ ತಾನು ನೆಚ್ಚಿದ ಪ್ಯಾಕೇಜಿನ ಆವೃತ್ತಿಗಷ್ಟೇ ಅಲ್ಲ, ಆ ನಿರ್ದಿಷ್ಟ ಕಂಪೈಲ್ ಪ್ರತಿಗೇ ಅಂಟಿಕೊಂಡಿರುತ್ತದೆ. ಆದರೆ ಇಳಿಸಿಕೊಂಡ ಪ್ಯಾಕೇಜ್‌ಗಳ ದಾಖಲೆಯಲ್ಲಿ ಒಂದು ಆವೃತ್ತಿಗೆ ಒಂದೇ ಪ್ರತಿಗೆ ಜಾಗವಿತ್ತು. ಹೊಸ ಪ್ರೋಗ್ರಾಮಿಗಾಗಿ ಅದೇ ಆವೃತ್ತಿಯನ್ನು ಬೇರೆ ಅವಲಂಬನೆಗಳೊಂದಿಗೆ ಮತ್ತೆ ಕಟ್ಟಿದರೆ ಹಳೆಯ ಪ್ರತಿ ಅಳಿಯುತ್ತಿತ್ತು. ಅದರ ಮೇಲೆ ನಿಂತಿದ್ದ ಪ್ಯಾಕೇಜ್‌ಗಳೆಲ್ಲ, ತಳಪಾಯದ ಕಲ್ಲು ಕಿತ್ತ ಗೋಡೆಯಂತೆ, ಕುಸಿಯುತ್ತಿದ್ದವು. ಇನ್ನೊಂದು ಬಗೆಯ ತೊಡಕೂ ಇತ್ತು. ಒಂದು ಲೈಬ್ರರಿ ‘ಬೈಟ್‌ಸ್ಟ್ರಿಂಗ್’ ಪ್ಯಾಕೇಜಿನ 0.9ರೊಂದಿಗೂ ಇನ್ನೊಂದು 0.10ರೊಂದಿಗೂ ಕಂಪೈಲ್ ಆಗಿದ್ದರೆ, ಎರಡರ ಬೈಟ್‌ಸ್ಟ್ರಿಂಗ್ ಟೈಪ್‌ಗಳು ಬೇರೆ ಬೇರೆ ಎಂದೇ ಕಂಪೈಲರ್ ಎಣಿಸುತ್ತಿತ್ತು. ಬೈಟ್‌ಸ್ಟ್ರಿಂಗ್ ಬೈಟ್‌ಸ್ಟ್ರಿಂಗ್‌ಗೆ ಹೊಂದುವುದಿಲ್ಲ ಎಂಬ ದೋಷಸಂದೇಶ ಓದಿ ಹೊಸಬರು ಕಂಗಾಲಾಗುತ್ತಿದ್ದರು.

ರಿಪೇರಿಯ ಅಂದಿನ ಕ್ರಮ ಹೀಗಿತ್ತು. ಮೊದಲು ‘ಜಿಎಚ್‌ಸಿ-ಪಿಕೆಜಿ ಚೆಕ್’ ಆದೇಶದಿಂದ ಮುರಿದ ಪ್ಯಾಕೇಜ್‌ಗಳ ಪಟ್ಟಿ ಪಡೆಯುವುದು. ಏನನ್ನಾದರೂ ಇಳಿಸುವ ಮುನ್ನ ‘ಡ್ರೈ ರನ್’ ಆಯ್ಕೆಯಿಂದ ಯಾವುದೆಲ್ಲ ಮತ್ತೆ ಕಟ್ಟಲ್ಪಡುತ್ತದೆಂದು ನೋಡಿಕೊಳ್ಳುವುದು. ಯಾವುದಕ್ಕೂ ಜಗ್ಗದಿದ್ದರೆ ಹೋಮ್ ಡೈರೆಕ್ಟರಿಯಲ್ಲಿ ಜಿಎಚ್‌ಸಿಯ ದಾಖಲೆ ಇರುವ ಅಡಗು ಫೋಲ್ಡರನ್ನೇ ಅಳಿಸಿ ಮೊದಲಿನಿಂದ ಶುರುಮಾಡುವುದು. ಕೊನೆಯ ಮದ್ದೇ ಹೆಚ್ಚು ಬಳಕೆಯಲ್ಲಿತ್ತು.

ಶಾಶ್ವತ ಪರಿಹಾರಕ್ಕೆ ಹಲವು ಪ್ರಯತ್ನಗಳು ನಡೆದವು. 2009ರಲ್ಲಿ ಬಂದ ಹ್ಯಾಸ್ಕೆಲ್ ಪ್ಲಾಟ್‌ಫಾರ್ಮ್, ಕಂಪೈಲರನ್ನೂ ಪರಸ್ಪರ ಹೊಂದುವ ಆಯ್ದ ಲೈಬ್ರರಿಗಳನ್ನೂ ಒಂದೇ ಕಟ್ಟಾಗಿ ಕೊಟ್ಟಿತು. ಆದರೆ ಅದರಲ್ಲಿದ್ದ ಆವೃತ್ತಿಗಿಂತ ಹೊಸದು ಬೇಕೆನ್ನುವ ಪ್ಯಾಕೇಜ್ ಬಂದಾಗ ಹಳೆಯ ಜಗಳವೇ ಮರುಕಳಿಸುತ್ತಿತ್ತು. 2012ರಲ್ಲಿ ಕಬಾಲ್‌ಗೆ ಪರಸ್ಪರ ಹೊಂದುವ ಆವೃತ್ತಿಗಳನ್ನು ಆಯ್ದುಕೊಡುವ ಹೊಸ ಸಾಲ್ವರ್ ಸೇರಿತು. ಅದು ಒಂದು ಆಯ್ಕೆ ಫಲಿಸದಿದ್ದರೆ ಹಿಂದೆ ಸರಿದು ಬೇರೆ ಆವೃತ್ತಿಗಳನ್ನು ಪರೀಕ್ಷಿಸುತ್ತಿತ್ತು. ಮರುಕಟ್ಟುವಿಕೆಯಿಂದ ಯಾವ ಪ್ಯಾಕೇಜ್‌ಗಳು ಮುರಿಯಬಹುದೆಂದು ಸಾಧನ ಎಚ್ಚರಿಸತೊಡಗಿತು. 2013ರ 1.18ನೇ ಆವೃತ್ತಿ ಪ್ರತಿ ಪ್ರಾಜೆಕ್ಟಿಗೂ ಪ್ರತ್ಯೇಕ ಸ್ಯಾಂಡ್‌ಬಾಕ್ಸ್, ಅಂದರೆ ಅದರದೇ ಪ್ಯಾಕೇಜ್ ದಾಖಲೆ, ಒದಗಿಸಿತು. ಒಂದು ಪ್ರಾಜೆಕ್ಟಿನ ಕೆಲಸ ಇನ್ನೊಂದರದನ್ನು ಕೆಡಿಸುವುದು ತಪ್ಪಿತು. ಬದಲಿಗೆ ಅದೇ ಲೈಬ್ರರಿಗಳನ್ನು ಪ್ರಾಜೆಕ್ಟಿಗೊಮ್ಮೆ ಕಟ್ಟುತ್ತ ಕಾಯಬೇಕಾಯಿತು.

ಪ್ಯಾಕೇಜ್‌ಗಳ ಆಯ್ಕೆಯನ್ನೇ ಸಾಧನದ ಕೈಯಿಂದ ತೆಗೆದುಬಿಡುವ ದಾರಿಯನ್ನು ಮೈಕೆಲ್ ಸ್ನಾಯ್‌ಮನ್ ಹಿಡಿದರು. 2012ರಲ್ಲಿ ಅವರು ಆರಂಭಿಸಿದ ಸ್ಟ್ಯಾಕೇಜ್, ಒಟ್ಟಿಗೆ ಕಟ್ಟಿ ಪರೀಕ್ಷಿಸಿದ ಪ್ಯಾಕೇಜ್ ಆವೃತ್ತಿಗಳ ಸಮೂಹ. 2015ರಲ್ಲಿ ಬಂದ ಸ್ಟ್ಯಾಕ್ ಸಾಧನ ಅದನ್ನೇ ಆಧರಿಸಿತು. ಪ್ರಾಜೆಕ್ಟಿನ ಕಡತದಲ್ಲಿ ಒಂದು ಸಮೂಹದ ಹೆಸರು ಬರೆದರೆ, ಅದಕ್ಕೆ ಒಪ್ಪುವ ಕಂಪೈಲರನ್ನೂ ಸ್ಟ್ಯಾಕ್ ತಾನೇ ಇಳಿಸಿಕೊಳ್ಳುತ್ತಿತ್ತು. ಅದೇ ವರ್ಷದ ಜಿಎಚ್‌ಸಿ 7.10ರಲ್ಲಿ, ‘ಮೊನಾಡ್’ ಗುಂಪಿಗೆ ಸೇರಿದ ಟೈಪ್‌ಗಳೆಲ್ಲ ‘ಅಪ್ಲಿಕೇಟಿವ್’ ಗುಂಪಿಗೂ ಸೇರಿರಬೇಕೆಂಬ ನಿಯಮ ಜಾರಿಯಾಗಿ ಅನೇಕ ಹಳೆಯ ಪ್ಯಾಕೇಜ್‌ಗಳು ಕಂಪೈಲ್ ಆಗದೆ ಹೋದವು. ಸಮೂಹವೊಂದಕ್ಕೆ ಕಟ್ಟುಬಿದ್ದ ಪ್ರಾಜೆಕ್ಟ್‌ಗಳು ಇಂಥ ಹೊಡೆತದಿಂದ ದೂರ ಉಳಿದು, ಬಿಡುವಾದಾಗ ಮೇಲಿನ ಸಮೂಹಕ್ಕೆ ಹತ್ತಬಹುದಿತ್ತು.

ಮೂಲ ಕಾರಣಕ್ಕೆ ಕೈಹಾಕುವ ಆಲೋಚನೆ ಸಿಕ್ಕಿದ್ದು ಹ್ಯಾಸ್ಕೆಲ್ ವಲಯದ ಹೊರಗೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಏಲ್ಕೋ ಡಾಲ್‌ಸ್ಟ್ರಾ 2006ರಲ್ಲಿ ಸಲ್ಲಿಸಿದ ಪಿಎಚ್‌.ಡಿ. ಪ್ರಬಂಧ, ತಂತ್ರಾಂಶ ಸ್ಥಾಪನೆಯನ್ನೇ ಶುದ್ಧ ಫಂಕ್ಷನ್ ಎಂದು ಕಾಣುವ ‘ನಿಕ್ಸ್’ ವ್ಯವಸ್ಥೆಯನ್ನು ವಿವರಿಸಿತು. ಅದರಲ್ಲಿ ಸೋರ್ಸ್, ಕಂಪೈಲರ್, ಆಯ್ಕೆಗಳು, ಅವಲಂಬನೆಗಳು ಎಲ್ಲವೂ ಸೇರಿ ಒಂದು ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು, ಆಗುತ್ತದೆ. ಕಟ್ಟಿದ ಪ್ಯಾಕೇಜ್ ಆ ಹ್ಯಾಶ್ ಹೆಸರಿನ ಫೋಲ್ಡರಿನಲ್ಲಿ ಕೂರುತ್ತದೆ, ಮತ್ತೆ ಬದಲಾಗುವುದಿಲ್ಲ. ಇನ್‌ಪುಟ್‌ಗಳಲ್ಲಿ ಒಂದು ಬದಲಾದರೂ ಹ್ಯಾಶ್ ಬೇರೆ, ಜಾಗ ಬೇರೆ. ಯಾವ ಪ್ರತಿಯೂ ಇನ್ನೊಂದನ್ನು ಅಳಿಸುವ ಪ್ರಶ್ನೆಯೇ ಇಲ್ಲ.

ಒಂದೇ ಆವೃತ್ತಿಯ ಹಲವು ಪ್ರತಿಗಳಿಗೆ ಜಿಎಚ್‌ಸಿ 7.10ರ ದಾಖಲೆ ಎಡೆಮಾಡಿದ ಮೇಲೆ ಈ ತತ್ವ ಕಬಾಲ್‌ಗೂ ಒಗ್ಗಿತು. 2016ರ 1.24ನೇ ಆವೃತ್ತಿ ‘ನ್ಯೂ-ಬಿಲ್ಡ್’ ಹೆಸರಿನಲ್ಲಿ ಅದನ್ನು ಪ್ರಯೋಗಕ್ಕೆ ಬಿಟ್ಟಿತು, 2019ರ 3.0ನೇ ಆವೃತ್ತಿಯಲ್ಲಿ ಅದೇ ಸಹಜ ನಡವಳಿಕೆಯಾಯಿತು. ಒಮ್ಮೆ ಕಟ್ಟಿದ ಪ್ಯಾಕೇಜ್ ಬಳಕೆದಾರರ ಕಂಪ್ಯೂಟರಿನಲ್ಲೇ ಇರುವ ಸಾಮಾನ್ಯ ಭಂಡಾರದಲ್ಲಿ ಉಳಿಯುವುದರಿಂದ, ಅದೇ ಹ್ಯಾಶ್ ಬೇಕೆನ್ನುವ ಎಲ್ಲ ಪ್ರಾಜೆಕ್ಟ್‌ಗಳೂ ಅದನ್ನು ಹಂಚಿಕೊಳ್ಳುತ್ತವೆ. ಸ್ಯಾಂಡ್‌ಬಾಕ್ಸ್ ಬೇಕಿಲ್ಲದಾಯಿತು. ಆಯ್ದ ಆವೃತ್ತಿಗಳನ್ನು ‘ಫ್ರೀಜ್’ ಕಡತದಲ್ಲಿ ಬರೆದಿಟ್ಟುಕೊಂಡರೆ ತಿಂಗಳುಗಳ ನಂತರವೂ ಅದೇ ಆಯ್ಕೆ ಮರಳಿ ಸಿಗುತ್ತದೆ.

ಉಳಿದ ತೊಡಕುಗಳು ಹೆಚ್ಚಾಗಿ ಈ ವ್ಯವಸ್ಥೆಯ ಅಂಚಿನಲ್ಲಿರುವಂಥವು. ಸಿ ಭಾಷೆಯಲ್ಲಿರುವ ಜೀಲಿಬ್‌ನಂಥ ಲೈಬ್ರರಿಗಳನ್ನು ಆಪರೇಟಿಂಗ್ ಸಿಸ್ಟಮ್ ಒದಗಿಸಬೇಕು. ಅವು ಇಲ್ಲದಿದ್ದರೆ ಕಬಾಲ್ ದೂರುತ್ತದೆಯೇ ಹೊರತು ತಂದುಕೊಡುವುದಿಲ್ಲ. ಎಡಿಟರಿಗೆ ನೆರವಾಗುವ ಹ್ಯಾಸ್ಕೆಲ್ ಲ್ಯಾಂಗ್ವೇಜ್ ಸರ್ವರ್, ಪ್ರಾಜೆಕ್ಟ್ ಬಳಸುವ ಜಿಎಚ್‌ಸಿ ಆವೃತ್ತಿಯಲ್ಲೇ ಕಂಪೈಲ್ ಆಗಿರಬೇಕು. ಲೈಬ್ರರಿಯನ್ನು ಪ್ರಾಜೆಕ್ಟಿನ ಹೊರಗೆ ಇಳಿಸಿಕೊಂಡರೆ ಜಿಎಚ್‌ಸಿಯ ಎನ್ವಿರಾನ್‌ಮೆಂಟ್ ಕಡತದಲ್ಲಿ ಅದರ ಹೆಸರು ಸೇರಿ, ಮುಂದಿನ ಸ್ಥಾಪನೆಗೆ ಅಡ್ಡಬರಬಹುದು. ಆ ಒಂದು ಕಡತ ಅಳಿಸಿದರೆ ಅಡ್ಡಿ ತೊಲಗುತ್ತದೆ, ಭಂಡಾರಕ್ಕೆ ಏನೂ ಆಗುವುದಿಲ್ಲ. ಯಾವುದನ್ನೂ ಅಳಿಸದ ಭಂಡಾರ ಡಿಸ್ಕಿನಲ್ಲಿ ಬೆಳೆಯುತ್ತ ಹೋಗುವುದು ಈ ಪರಿಹಾರಕ್ಕೆ ತೆರಬೇಕಾದ ಬೆಲೆ. ಹ್ಯಾಸ್ಕೆಲ್ ಪ್ಲಾಟ್‌ಫಾರ್ಮ್ ಈಗ ಬಳಕೆಯಿಂದ ಸರಿದಿದೆ. ಕಂಪೈಲರ್, ಕಬಾಲ್, ಸ್ಟ್ಯಾಕ್, ಲ್ಯಾಂಗ್ವೇಜ್ ಸರ್ವರ್‌ಗಳ ಬೇಕಾದ ಆವೃತ್ತಿಗಳನ್ನು ಅಕ್ಕಪಕ್ಕ ಇರಿಸಿ, ಒಂದರಿಂದ ಇನ್ನೊಂದಕ್ಕೆ ಬದಲಾಯಿಸಲು ಬಿಡುವ ಜಿಎಚ್‌ಸಿಅಪ್ ಆ ಜಾಗಕ್ಕೆ ಬಂದಿದೆ.