ಚಿನ್ನದ ಊರಿಗೆ ಸಾಲ ಕೊಡೋರು ಯಾರು?

ಒಂದು ಬಳೆ ಅಡವಿಟ್ಟರೆ ಅರ್ಧ ಗಂಟೆಯಲ್ಲಿ ಸಾಲ ಸಿಗುತ್ತೆ. ಆದರೆ ನೂರಿಪ್ಪತ್ತು ವರ್ಷ ದೇಶಕ್ಕೆ ಚಿನ್ನ ತೆಗೆದುಕೊಟ್ಟ ಊರೊಂದು ಕುಡಿಯೋ ನೀರಿನ ಪೈಪಿಗೆ, ಒಳಚರಂಡಿಗೆ ಸಾಲ ಬೇಕು ಅಂತ ಬಂದರೆ? ಕೊಡೋರು ಯಾರು? ಕೇಳೋ ಹಕ್ಕಾದರೂ ಆ ಊರಿಗೆ ಇದೆಯಾ?

ಕೆಜಿಎಫ್ ಅಂದ ಕೂಡಲೇ ನಿಮಗೆ ಸಿನಿಮಾ ನೆನಪಾಗಬಹುದು. ನಾನು ಹೇಳ್ತಾ ಇರೋದು ರಾಬರ್ಟ್‌ಸನ್‌ಪೇಟೆಯ ಬಗ್ಗೆ. ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರು ಹೊತ್ತ ಪೇಟೆ ಇದು. ಇವತ್ತು ಇಲ್ಲಿನ ನಗರಸಭೆಯ ವ್ಯಾಪ್ತಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ.

ಇತಿಹಾಸದ ಒಂದು ಪುಟ ತೆರೆಯೋಣ. 1902ರ ಜೂನ್ 30. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಬಂತು. ನಾವು ಇದನ್ನು ಎಂಜಿನಿಯರಿಂಗ್ ಸಾಹಸ ಅಂತ ಓದ್ತೀವಿ. ನಾನೂ ಎಂಜಿನಿಯರಿಂಗ್ ಓದಿದವನೇ. ಪೈಪಿನ ಅಳತೆ, ತಂತಿಯ ದಪ್ಪ ಲೆಕ್ಕ ಹಾಕೋದನ್ನು ಕಾಲೇಜಿನಲ್ಲಿ ಕಲಿಸಿದರು. ಆ ಪೈಪಿಗೆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದು ಪಠ್ಯದಲ್ಲಿ ಇರಲಿಲ್ಲ. ಶಿವನಸಮುದ್ರದ ನಿಜವಾದ ಪಾಠ ಅಲ್ಲೇ ಇದೆ. ಮೈಸೂರು ಸರ್ಕಾರ ಅಷ್ಟು ದೊಡ್ಡ ಬಂಡವಾಳ ಹಾಕೋ ಧೈರ್ಯ ಮಾಡಿದ್ದು ಯಾಕೆ? ಕರೆಂಟು ಕೊಳ್ಳೋದಾಗಿ ಗಣಿ ಕಂಪನಿಗಳು ಒಪ್ಪಂದ ಮಾಡಿಕೊಂಡಿದ್ದವು. ಗಿರಾಕಿ ಖಾತ್ರಿ ಇದ್ದ. ತಿಂಗಳು ತಿಂಗಳು ತಪ್ಪದೆ ಬರೋ ಆದಾಯವೇ ಸಾಲಕ್ಕೆ ಆಧಾರ. ಇವತ್ತಿನ ಪುರಸಭಾ ಬಾಂಡ್‌ಗಳ ಮೂಲಸೂತ್ರವೂ ಇಷ್ಟೇ.

ಆದರೆ ಒಂದು ಮಾತು ಗಮನಿಸಿ. ಆ ನಂಬಿಕೆ ಇದ್ದದ್ದು ಗಣಿಯ ಮೇಲೆ, ಪೇಟೆಯ ಮೇಲಲ್ಲ. ಕರೆಂಟು ಬಂದದ್ದು ಗಣಿಗೋಸ್ಕರ. ಬೇತಮಂಗಲದ ಕೆರೆಯಿಂದ ನೀರು ಹತ್ತಿ ಬಂದದ್ದೂ ಗಣಿಯ ದೆಸೆಯಿಂದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಯಜಮಾನರು ಬದಲಾಗ್ತಾ ಹೋದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಖಾತ್ರಿ ಗಿರಾಕಿ ಎದ್ದು ಹೋದ, ಊರು ಉಳಿಯಿತು. ಇವತ್ತು ಮಾರಿಕುಪ್ಪಂ, ಊರಿಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ಬೆಳಗಿನ ರೈಲು ಹತ್ತಿ, ಬಂಗಾರಪೇಟೆ ದಾಟಿ, ಸಾವಿರಾರು ಜನ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ದುಡಿಮೆ ಬೆಂಗಳೂರಿನಲ್ಲಿ, ಮನೆ ಇಲ್ಲಿ. ಅಂದರೆ ಮನೆ ಕಂದಾಯ, ನೀರಿನ ಶುಲ್ಕ ಕೊಡೋದು ಇಲ್ಲೇ. ಪೇಟೆಗೆ ಸ್ವಂತ ಅಂತ ಇರೋ ಆದಾಯ ಮುಖ್ಯವಾಗಿ ಇದು.

ಈಗ ಕಾನೂನು ಏನು ಹೇಳುತ್ತೆ ನೋಡೋಣ. ಬ್ರಿಟಿಷ್ ಭಾರತದಲ್ಲಿ 1914ರಲ್ಲೇ ಸ್ಥಳೀಯ ಸಂಸ್ಥೆಗಳ ಸಾಲ ಕಾಯ್ದೆ ಬಂತು. ಕಾಮಗಾರಿಗೆ, ಬರಗಾಲದ ಪರಿಹಾರಕ್ಕೆ, ಸಾಂಕ್ರಾಮಿಕ ರೋಗ ತಡೆಯೋದಕ್ಕೆ, ಹಳೇ ಸಾಲ ತೀರಿಸೋದಕ್ಕೆ ಸಾಲ ಮಾಡಬಹುದು ಅಂತ ಪಟ್ಟಿ ಕೊಟ್ಟಿತು. ಮೈಸೂರು ಸಂಸ್ಥಾನವಾದ್ದರಿಂದ ಆ ಕಾಯ್ದೆ ನೇರವಾಗಿ ನಮಗೆ ಅನ್ವಯ ಆಗ್ತಿರಲಿಲ್ಲ. ಈಗ ನಮ್ಮ ನಗರಸಭೆಗಳಿಗೆ ಇರೋದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಸಾಲ ಬೇಕಾದರೆ ರಾಜ್ಯ ಸರ್ಕಾರದ ಮಂಜೂರಾತಿ ಬೇಕು. ಆ ರಾಜ್ಯವೂ ಸ್ವತಂತ್ರ ಅಲ್ಲ. ಕೇಂದ್ರದ ಸಾಲ ಬಾಕಿ ಇದ್ದರೆ ಹೊಸ ಸಾಲಕ್ಕೆ ದೆಹಲಿಯ ಒಪ್ಪಿಗೆ ಬೇಕು ಅನ್ನುತ್ತೆ ಸಂವಿಧಾನದ 293ನೇ ವಿಧಿ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ನಗರಗಳಿಗೆ ಸ್ವರಾಜ್ಯ ಕೊಟ್ಟಿತು ಅಂತೀವಿ. ನೀರು ಸರಬರಾಜು ಸೇರಿ 18 ವಿಷಯಗಳನ್ನು 12ನೇ ಅನುಸೂಚಿಯಲ್ಲಿ ಬರೆದರು. ಆದರೆ ಹಣಕಾಸಿನ ವಿಧಿಯಲ್ಲಿ ತೆರಿಗೆ ಇದೆ, ಶುಲ್ಕ ಇದೆ, ಅನುದಾನ ಇದೆ, ಸಾಲದ ಹಕ್ಕಿನ ಬಗ್ಗೆ ಒಂದು ಪದವೂ ಇಲ್ಲ.

ಇಷ್ಟು ಬೇಲಿ ಯಾಕೆ ಅಂತೀರಾ? ಬೇಲಿಗೂ ಕಾರಣ ಇದೆ. ಅಮೆರಿಕದ ಡೆಟ್ರಾಯಿಟ್ ನೋಡಿ. ಕಾರು ಉದ್ಯಮವನ್ನೇ ನಂಬಿದ್ದ ಊರು. ಉದ್ಯಮ ಕುಸಿಯಿತು, ಜನ ಊರು ಬಿಟ್ಟರು, ಸಾಲ ಬೆಳೆಯಿತು. 2013ರಲ್ಲಿ ಸುಮಾರು 1,800 ಕೋಟಿ ಡಾಲರ್ ಹೊಣೆ ಹೊತ್ತು ದಿವಾಳಿ ಅರ್ಜಿ ಹಾಕಿತು. ನಿವೃತ್ತ ನೌಕರರ ಪಿಂಚಣಿಗೂ ಕತ್ತರಿ ಬಿತ್ತು. ಅಲ್ಲಿ ಊರಿಗೂ ದಿವಾಳಿ ಕಾನೂನು ಇದೆ. ನಮ್ಮ 2016ರ ದಿವಾಳಿ ಸಂಹಿತೆಯಲ್ಲಿ ನಗರಸಭೆಗೆ ಜಾಗ ಇಲ್ಲ. ಮುಳುಗಿದ ಮೇಲೆ ಎತ್ತೋ ವ್ಯವಸ್ಥೆ ಇಲ್ಲದಿದ್ದಾಗ, ನೀರಿಗೆ ಇಳಿಯೋ ಮುಂಚೆಯೇ ತಡೆಯಬೇಕಾಗುತ್ತೆ. ಹಾಗಾಗಿ ಮಿತಿ ಬೇಕೇ ಬೇಕು. ಆ ಮಿತಿಯೇ ಬೀಗ ಆಗಬಾರದು, ನನ್ನ ವಾದ ಅಷ್ಟೇ.

ಬೀಗ ತೆಗೆಯಬಹುದು ಅಂತ ತೋರಿಸಿದ್ದೂ ನಮ್ಮ ರಾಜ್ಯವೇ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡ್ ತಂದಿತು. ದೇಶದಲ್ಲೇ ಮೊದಲು. ಆದರೆ ಹಿಂದೆ ರಾಜ್ಯ ಸರ್ಕಾರದ ಖಾತರಿ ಇತ್ತು. ಮರುವರ್ಷ ಅಹಮದಾಬಾದ್ 100 ಕೋಟಿ ಎತ್ತಿತು, ಖಾತರಿ ಇಲ್ಲದೆ, ಸ್ವಂತ ಹೆಸರಿನ ಮೇಲೆ. 2015ರಲ್ಲಿ ಸೆಬಿ ನಿಯಮ ಬಂತು. ಹಿಂದಿನ ಮೂರು ವರ್ಷಗಳ ಲೆಕ್ಕ ನೋಡ್ತಾರೆ. ಹಿಂದಿನ ಒಂದು ವರ್ಷದಲ್ಲಿ ಸಾಲದ ಕಂತು ತಪ್ಪಿರಬಾರದು. ಬಂದ ಹಣ ಹೇಳಿದ ಯೋಜನೆಗೇ ಹೋಗಬೇಕು, ತೀರಿಸೋ ಹಣಕ್ಕೆ ಪ್ರತ್ಯೇಕ ಖಾತೆ ಇರಬೇಕು. ಈ ದಾರಿಯಲ್ಲಿ 2017ರಲ್ಲಿ ಪುಣೆ ನೀರಿನ ಯೋಜನೆಗೆ 200 ಕೋಟಿ ಎತ್ತಿತು. 2023ರಲ್ಲಿ ಇಂದೋರ್ ಸೋಲಾರ್ ಘಟಕಕ್ಕೆ 244 ಕೋಟಿಯ ಬಾಂಡನ್ನು ಜನಸಾಮಾನ್ಯರಿಗೇ ಮಾರಿತು.

ಪುಣೆ, ಇಂದೋರ್ ದೊಡ್ಡವರ ಮಾತಾಯ್ತು. ರಾಬರ್ಟ್‌ಸನ್‌ಪೇಟೆಯಂಥ ಊರು ಏನು ಮಾಡಬೇಕು? ಉತ್ತರ 2005ರಲ್ಲಿ ಸಿಕ್ಕಿತ್ತು. ಆಗ ಬೆಂಗಳೂರಿನ ಸುತ್ತ ಇದ್ದ ಯಲಹಂಕ, ಕೆ.ಆರ್.ಪುರ, ಮಹದೇವಪುರ, ಬೊಮ್ಮನಹಳ್ಳಿ, ಕೆಂಗೇರಿಯಂಥ ಎಂಟು ಊರುಗಳಿಗೆ ಕಾವೇರಿ ನೀರು ಬೇಕಿತ್ತು. ಒಬ್ಬೊಬ್ಬರಾಗಿ ಹೋದರೆ ಮಾರುಕಟ್ಟೆ ತಿರುಗಿಯೂ ನೋಡ್ತಿರಲಿಲ್ಲ. ಎಂಟೂ ಊರು ಸೇರಿ ರಾಜ್ಯದ ನಿಧಿಯೊಂದರ ಮೂಲಕ 100 ಕೋಟಿಯ ಬಾಂಡ್ ತಂದವು. ಬಡ್ಡಿ ಶೇ 5.95, ಅವಧಿ 15 ವರ್ಷ, ಹೂಡಿದವರಿಗೆ ತೆರಿಗೆ ಇಲ್ಲ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಅರ್ಧ ಹೊಣೆ ಹೊತ್ತಿತು. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬಳ ಸಾಲಕ್ಕೆ ಹತ್ತು ಜನ ನಿಂತರೆ ಬ್ಯಾಂಕು ಬಾಗಿಲು ತೆರೆಯುತ್ತೆ.

ಕೋಲಾರ ಜಿಲ್ಲೆಯಲ್ಲಿ ಕೋಲಾರ, ಕೆಜಿಎಫ್, ಮುಳಬಾಗಿಲು, ಬಂಗಾರಪೇಟೆ, ಮಾಲೂರು, ಶ್ರೀನಿವಾಸಪುರ ಇವೆ. ಎಲ್ಲಕ್ಕೂ ಇರೋ ಕೊರಗು ಒಂದೇ, ನೀರು. ಒಟ್ಟಿಗೆ ಕೂತರೆ ಇವರಿಗೂ ಆ ದಾರಿ ಇದೆ. ತಡ ಮಾಡೋ ಹಾಗೂ ಇಲ್ಲ. 2025ರ ಕೇಂದ್ರ ಬಜೆಟ್ ಒಂದು ಲಕ್ಷ ಕೋಟಿಯ ನಗರ ಸವಾಲು ನಿಧಿ ಘೋಷಿಸಿತು. ಷರತ್ತು ಏನು ಗೊತ್ತಾ? ನಿಧಿಯಿಂದ ಬರೋದು ಯೋಜನೆಯ ಕಾಲು ಭಾಗ ಮಾತ್ರ. ಕನಿಷ್ಠ ಅರ್ಧ ಹಣವನ್ನು ಬಾಂಡ್, ಬ್ಯಾಂಕ್ ಸಾಲ, ಖಾಸಗಿ ಸಹಭಾಗಿತ್ವದಿಂದ ತರಬೇಕು. ಅಂದರೆ ಸಾಲ ಎತ್ತೋಕೆ ಬಾರದ ಊರಿಗೆ ಈ ನಿಧಿಯ ಅನುದಾನವೂ ಇಲ್ಲ. ಇದ್ದವರಿಗೇ ಇನ್ನಷ್ಟು.

ಹಾಗಂತ ಇವತ್ತೇ ಸಾಲ ಮಾಡಿ ಅಂತ ನಾನು ಹೇಳ್ತಿಲ್ಲ. ಸಂಬಳಕ್ಕೆ, ಸಮಾರಂಭಕ್ಕೆ ಸಾಲ ಮಾಡಿದ ಊರು ಉದ್ಧಾರ ಆಗಲ್ಲ. ಮುಂದಿನ ಸಲ ವೋಟು ಕೇಳೋಕೆ ಬರೋ ಕೌನ್ಸಿಲರ್‌ಗೆ ಮೂರೇ ಪ್ರಶ್ನೆ ಕೇಳಿ. ಮನೆ ಕಂದಾಯ ಎಷ್ಟು ಬರಬೇಕು, ಎಷ್ಟು ಬಂತು? ಮೂರು ವರ್ಷದ ಲೆಕ್ಕದ ಆಡಿಟ್ ಆಗಿದೆಯಾ? ನೀರಿನ ಶುಲ್ಕದಿಂದ ಪಂಪಿನ ಕರೆಂಟ್ ಬಿಲ್ಲಾದರೂ ಕಟ್ಟೋಕಾಗುತ್ತಾ? ಕಂದಾಯ ಕಟ್ಟೋರು ನೀವು. ಇನ್ನು ಮುಂದೆ ಈ ಊರಿನ ಖಾತ್ರಿ ಗಿರಾಕಿ ಗಣಿ ಅಲ್ಲ, ನೀವೇ.