ಬಟವಾಡೆ ಅಂಗಡಿಯ ಅಣ್ಣತಮ್ಮಂದಿರು

ಬಟವಾಡೆ ಅನ್ನೋ ಪದವನ್ನು ಈಗ ಹೆಚ್ಚು ಜನ ಬಳಸೋದಿಲ್ಲ. ದಾವಣಗೆರೆ, ಹುಬ್ಬಳ್ಳಿಯಂಥ ಗಿರಣಿ ಊರುಗಳಲ್ಲಿ ಅದು ಮನೆಮಾತಾಗಿತ್ತು. 'ಇವತ್ತು ಬಟವಾಡೆ' ಅಂದರೆ ಕಿರಾಣಿ ಅಂಗಡಿಯ ಸಾಲದ ಪುಸ್ತಕದಿಂದ ಹಿಡಿದು ಮಕ್ಕಳ ಕೈಗೆ ಬರುವ ಮಿಠಾಯಿಯ ತನಕ ಎಲ್ಲದಕ್ಕೂ ಜೀವ ಬಂದ ಹಾಗೆ. ನಮಗೀಗ ಸಂಬಳ ಅಂದರೆ ಮೊಬೈಲಿಗೆ ಬರುವ ಒಂದು ಮೆಸೇಜು, ಅಷ್ಟೇ. ಅದು ಬರುತ್ತೆ ಅಂತ ಎಷ್ಟು ನಂಬಿಬಿಟ್ಟಿದ್ದೇವೆ ಅಂದರೆ, ಅದರ ಹಿಂದೆ ಯಾರೋ ಕೂತು ಲೆಕ್ಕ ಹಾಕಿರುತ್ತಾರೆ ಅನ್ನೋದೇ ಮರೆತುಹೋಗಿದೆ.

ನನಗೆ ಅದು ನೆನಪಾಗಿದ್ದು ಮೊದಲ ಕೆಲಸದಲ್ಲಿ. ಇಪ್ಪತ್ತು ಇಪ್ಪತ್ತೈದು ಜನರಿದ್ದ ಸಣ್ಣ ಕಂಪನಿ. ಒಂದು ತಿಂಗಳು ಸಂಬಳ ಹತ್ತು ದಿನ ತಡ. ಮಾಲೀಕರ ಹತ್ತಿರ ದುಡ್ಡಿಲ್ಲದೆ ಅಲ್ಲ. ಲೆಕ್ಕ ಬರೆಯುವವರಿಗೆ ಕಾಮಾಲೆ ಆಗಿತ್ತು, ಯಾರಿಗೆ ಎಷ್ಟು ಹಿಡಿಯಬೇಕು ಎಷ್ಟು ಕೊಡಬೇಕು ಅನ್ನೋದು ಅವರೊಬ್ಬರ ತಲೆಯಲ್ಲಿತ್ತು! ಮನೆ ಬಾಡಿಗೆಗೆ ಗೆಳೆಯನ ಹತ್ತಿರ ಕೈಸಾಲ ಮಾಡಿದೆ. ಆಮೇಲೆ ಎಷ್ಟೋ ವರ್ಷಗಳ ನಂತರ ಎಡಿಪಿ ಕಂಪನಿ ಹುಟ್ಟಿದ ಕಥೆ ಓದಿದಾಗ ನಗು ಬಂತು. ಜಗತ್ತಿನ ಅತಿ ದೊಡ್ಡ ಸಂಬಳದ ಲೆಕ್ಕದ ಕಂಪನಿಗಳಲ್ಲಿ ಒಂದು ಶುರುವಾಗಿದ್ದೂ ಹೀಗೇ, ಒಬ್ಬ ಗುಮಾಸ್ತನಿಗೆ ಹುಷಾರಿಲ್ಲದೆ ಹೋದದ್ದರಿಂದ.

ಆ ಊರಿನ ಹೆಸರು ಪ್ಯಾಟರ್ಸನ್. ನ್ಯೂಜೆರ್ಸಿ ರಾಜ್ಯದಲ್ಲಿದೆ, ನ್ಯೂಯಾರ್ಕಿನಿಂದ ಸುಮಾರು ಮೂವತ್ತು ಕಿಲೋಮೀಟರ್. ಪಸ್ಸಾಯಿಕ್ ನದಿಯ ಜಲಪಾತದ ಶಕ್ತಿಯನ್ನು ನಂಬಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮತ್ತವನ ಜೊತೆಗಾರರು 1791-92ರಲ್ಲಿ ಕೈಗಾರಿಕೆಗೆ ಅಂತಲೇ ಕಟ್ಟಿದ ಊರು. ಆಮೇಲೆ ರೇಷ್ಮೆ ಗಿರಣಿಗಳು ಬಂದು 'ರೇಷ್ಮೆ ನಗರ' ಅಂತಲೇ ಹೆಸರಾಯಿತು. 1913ರಲ್ಲಿ ಇಲ್ಲಿನ ನೇಕಾರರು ಎಂಟು ಗಂಟೆಯ ದುಡಿಮೆಗಾಗಿ ತಿಂಗಳುಗಟ್ಟಲೆ ಮುಷ್ಕರ ಮಾಡಿ ಸೋತರು. ಕೂಲಿ ಅಂದರೆ ಏನು, ಅದು ಬಾರದಿದ್ದರೆ ಏನು ಅನ್ನೋದು ಗೊತ್ತಿದ್ದ ಊರು ಅದು.

ಈ ಊರಲ್ಲಿ 1927ರಲ್ಲಿ ಹುಟ್ಟಿದವನು ಹೆನ್ರಿ ಟೌಬ್. ಅಪ್ಪ ಪೋಲೆಂಡಿನಿಂದ ಬಂದ ಯಹೂದಿ, ಗುಜರಿ ವ್ಯಾಪಾರಿ. ಹುಡುಗ ಚುರುಕು, ಹತ್ತೊಂಬತ್ತಕ್ಕೆಲ್ಲ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಓದು ಮುಗಿಸಿ ಲೆಕ್ಕಿಗನಾದ. ಒಮ್ಮೆ ಲೆಕ್ಕ ನೋಡಲು ಒಂದು ಕಂಪನಿಗೆ ಹೋದರೆ ಅಲ್ಲಿ ಗಲಾಟೆಯೋ ಗಲಾಟೆ. ಸಂಬಳದ ಗುಮಾಸ್ತ ಕಾಯಿಲೆ ಬಿದ್ದಿದ್ದಾನೆ, ಕೆಲಸಗಾರರಿಗೆ ಸಮಯಕ್ಕೆ ಕೂಲಿ ಸಿಕ್ಕಿಲ್ಲ. ಈ ತಾಪತ್ರಯವನ್ನೇ ಹೊರಗಿನಿಂದ ಒಬ್ಬರು ವಹಿಸಿಕೊಂಡರೆ ಹೇಗೆ ಅಂತ ಅವನಿಗೆ ಹೊಳೆಯಿತು.

ಈಗಿನವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಆ ಕಾಲದ ಅಮೆರಿಕದಲ್ಲಿ ಒಬ್ಬ ಕೆಲಸಗಾರನ ವಾರದ ಲೆಕ್ಕ ಏನಾಗಿತ್ತು ಅಂತ ಸ್ವಲ್ಪ ನೋಡಿ. 1937ರ ಜನವರಿಯಿಂದ ಸೋಷಿಯಲ್ ಸೆಕ್ಯುರಿಟಿ ಅಂತ ಕೂಲಿಯಲ್ಲಿ ಶೇಕಡಾ 1 ಹಿಡಿಯಬೇಕು, ಮಾಲೀಕನೂ ಅಷ್ಟೇ ಸೇರಿಸಬೇಕು. 1938ರ ಕಾನೂನು ಕನಿಷ್ಠ ಕೂಲಿ ತಂದಿತು, ಹೆಚ್ಚು ಹೊತ್ತು ದುಡಿದರೆ ಒಂದೂವರೆ ಪಟ್ಟು ಕೊಡಬೇಕು ಅಂದಿತು, ಗಂಟೆಗಳ ಲೆಕ್ಕ ಬರೆದಿಡಬೇಕು ಅಂತಲೂ ಅಂದಿತು. 1943ರ ಜುಲೈನಿಂದ, ಯುದ್ಧದ ಖರ್ಚಿನ ಒತ್ತಡದಲ್ಲಿ, ಆದಾಯ ತೆರಿಗೆಯನ್ನೂ ಮಾಲೀಕನೇ ಸಂಬಳದಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟಬೇಕಾಯಿತು. ಎಷ್ಟು ಹಿಡಿಯಬೇಕು ಅನ್ನೋದು ಮನೆಯಲ್ಲಿ ಎಷ್ಟು ಜನ ಅವಲಂಬಿತರು ಅನ್ನೋದರ ಮೇಲೆ ಬದಲಾಗುತ್ತಿತ್ತು.

ಗಂಟೆಗೆ 1 ಡಾಲರ್ ಕೂಲಿಯವನು 44 ಗಂಟೆ ದುಡಿದ ಅಂದುಕೊಳ್ಳಿ. ನಲವತ್ತಕ್ಕೆ 40, ಉಳಿದ ನಾಲ್ಕಕ್ಕೆ 6, ಒಟ್ಟು 46 ಡಾಲರ್. ಅದರಲ್ಲಿ ಸೋಷಿಯಲ್ ಸೆಕ್ಯುರಿಟಿಗೆ 46 ಸೆಂಟು. ಆಮೇಲೆ ಪಟ್ಟಿ ನೋಡಿ ತೆರಿಗೆ. ಕಾರ್ಮಿಕ ಸಂಘದ ಚಂದಾ ಇದ್ದರೆ ಅದೂ. ಇಷ್ಟೇ ಆಗಿದ್ದರೆ ಸರಿ, ಆದರೆ ಸೋಷಿಯಲ್ ಸೆಕ್ಯುರಿಟಿಯನ್ನು ವರ್ಷದ ಮೊದಲ 3000 ಡಾಲರಿಗೆ ಮಾತ್ರ ಹಿಡಿಯಬೇಕು. ಹಾಗಾಗಿ ವಾರಕ್ಕೆ 75 ಡಾಲರ್ ದುಡಿಯುವವನಿಗೆ ಸರಿಯಾಗಿ ನಲವತ್ತನೇ ವಾರದ ನಂತರ ಅದನ್ನು ನಿಲ್ಲಿಸಬೇಕು. ಪಕ್ಕದ ಯಂತ್ರದವನಿಗೆ ಬೇರೆ ವಾರ. ಇದನ್ನು ನೂರು ಜನಕ್ಕೆ, ಪ್ರತಿ ವಾರ, ಪೆನ್ಸಿಲ್ ಹಿಡಿದು ಮಾಡಬೇಕು. ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು. ದೊಡ್ಡ ಕಾರ್ಖಾನೆಯವರು ಗುಮಾಸ್ತರ ಒಂದು ಕೋಣೆಯನ್ನೇ ಇಟ್ಟುಕೊಳ್ಳುತ್ತಿದ್ದರು. ಐವತ್ತು ಜನರ ಹೊಲಿಗೆ ಕಾರ್ಖಾನೆಯವನು ಏನು ಮಾಡಬೇಕು?

ಅಂಥವನಿಗೋಸ್ಕರ 1949ರಲ್ಲಿ ಹೆನ್ರಿ ಅಂಗಡಿ ಹಾಕಿದ. ಪ್ಯಾಟರ್ಸನ್ನಿನ ಒಂದು ಐಸ್‌ಕ್ರೀಮ್ ಅಂಗಡಿಯ ಮೇಲಿನ ಮಹಡಿಯಲ್ಲಿ. ತಮ್ಮ ಜೋ ಟೌಬ್ ಜೊತೆಯಾದ. ಹೆಸರು 'ಆಟೊಮ್ಯಾಟಿಕ್ ಪೇರೋಲ್ಸ್'. ತಮಾಷೆ ಅಂದರೆ ಅಲ್ಲಿ ಆಟೊಮ್ಯಾಟಿಕ್ ಅನ್ನುವಂಥದ್ದು ಏನೂ ಇರಲಿಲ್ಲ, ಎಲ್ಲ ಕೈಲೆಕ್ಕ :-) ಆದರೆ ಆ ಹೆಸರು ಸುಳ್ಳು ಅಂತ ನನಗನ್ನಿಸುವುದಿಲ್ಲ. ಗಿರಾಕಿಯ ಕಡೆಯಿಂದ ನೋಡಿ. ಗಂಟೆಗಳ ಪಟ್ಟಿ ಕಳಿಸಿದರೆ ಸಂಬಳದ ಲೆಕ್ಕ ತಾನಾಗಿ ವಾಪಸು ಬರುತ್ತೆ. ಅವನ ಮಟ್ಟಿಗೆ ಅದು ಆಟೊಮ್ಯಾಟಿಕ್ಕೇ. ಮಹಡಿ ಮೇಲೆ ಯಂತ್ರ ಇದೆಯೋ, ನಿದ್ದೆಗೆಟ್ಟ ಅಣ್ಣತಮ್ಮಂದಿರು ಇದ್ದಾರೋ ಅವನಿಗೇನು?

ಹೆನ್ರಿ ಲೆಕ್ಕಿಗ, ಬೇಕಿದ್ದರೆ ಅದೇ ಗಿರಾಕಿಗಳಿಗೆ ಆಡಿಟ್ಟು, ಜಮಾಖರ್ಚು ಎಲ್ಲ ಮಾಡಿಕೊಡುತ್ತೇನೆ ಅಂತ ಬೋರ್ಡು ಹಾಕಬಹುದಿತ್ತು. ಹಾಕಿದ್ದು ಸಂಬಳ ಒಂದನ್ನೇ. ಇದರಲ್ಲಿ ಒಂದು ಜಾಣತನವೂ ಇದೆ. ಊರಿನ ಬೇರೆ ಲೆಕ್ಕಿಗರಿಗೆ ನೀವು ಪೈಪೋಟಿ ಅಲ್ಲದಿದ್ದರೆ, ಅವರೇ ನಿಮ್ಮ ಹತ್ತಿರ ಗಿರಾಕಿ ಕಳಿಸುತ್ತಾರೆ.

1952ರಲ್ಲಿ ಮೂರನೆಯವನು ಬಂದ. ಫ್ರಾಂಕ್ ಲೌಟನ್‌ಬರ್ಗ್. ಅವನೂ ಪ್ಯಾಟರ್ಸನ್ನಿನಲ್ಲೇ ಹುಟ್ಟಿದವನು. ಅಪ್ಪ ರೇಷ್ಮೆ ಗಿರಣಿಯಲ್ಲಿ ದುಡಿದವರು, ಇದ್ದಿಲು ಮಾರಿದವರು, ಫ್ರಾಂಕ್‌ಗೆ ಹತ್ತೊಂಬತ್ತಾದಾಗ ಕ್ಯಾನ್ಸರಿನಲ್ಲಿ ತೀರಿಕೊಂಡರು. ಇವನು ಯುದ್ಧಕ್ಕೆ ಹೋಗಿ ಬಂದು, ಸೈನಿಕರಿಗೆ ಸಿಗುತ್ತಿದ್ದ ಸರ್ಕಾರಿ ನೆರವಿನಲ್ಲಿ ಕೊಲಂಬಿಯಾದಲ್ಲಿ ಓದಿ, ವಿಮೆ ಮಾರುತ್ತಿದ್ದ. ಟೌಬ್ ಸೋದರರ ಮೊದಲ ಸೇಲ್ಸ್‌ಮನ್ ಇವನೇ. ಯಾರಿಗೆ ಎಷ್ಟು ಸಂಬಳ ಅನ್ನೋದು ಯಾವ ಮಾಲೀಕನಿಗೂ ಗುಟ್ಟಿನ ವಿಷಯ. ಅದನ್ನು ಹೊರಗಿನ ಮೂವರು ಹುಡುಗರ ಕೈಗೆ ಕೊಡಿ ಅಂತ ಒಪ್ಪಿಸೋದು ವಿಮೆ ಮಾರಿದಷ್ಟು ಸುಲಭ ಅಲ್ಲ. ನೀವು ಮಾರುತ್ತಿರೋದು ಲೆಕ್ಕ ಅಲ್ಲ, ನಂಬಿಕೆ. ಒಂದು ಶುಕ್ರವಾರ ತಪ್ಪಿದರೆ ಹೋಯಿತು.

ಮುಂದೆ ಈ ಲೌಟನ್‌ಬರ್ಗ್ ಕಂಪನಿಯ ಮುಖ್ಯಸ್ಥನೂ ಆಗಿ, 1982ರಲ್ಲಿ ಅಮೆರಿಕದ ಸೆನೆಟ್ಟಿಗೆ ಗೆದ್ದ. ವಿಮಾನಗಳಲ್ಲಿ ಸಿಗರೇಟು ನಿಷೇಧ ಬಂದದ್ದರಲ್ಲಿ ಅವನ ಪಾಲು ದೊಡ್ಡದು. ಇರಲಿ, ಅದು ಬೇರೆ ಕಥೆ.

ಇದೇ ಸಮಯಕ್ಕೆ ಸಮುದ್ರದಾಚೆ ಇನ್ನೊಂದು ಕುಟುಂಬ ಸಂಬಳದ ಲೆಕ್ಕಕ್ಕೆ ಕೈ ಹಾಕಿತ್ತು. ಇದನ್ನು ಹೇಳದಿದ್ದರೆ ಟೌಬ್ ಸೋದರರ ಹೆಚ್ಚುಗಾರಿಕೆ ಗೊತ್ತಾಗೋದಿಲ್ಲ. ಇಂಗ್ಲೆಂಡಿನ ಜೆ. ಲಯನ್ಸ್ ಅಂಡ್ ಕಂಪನಿ. ಸಾಮನ್ ಮತ್ತು ಗ್ಲುಕ್‌ಸ್ಟೈನ್ ಮನೆತನಗಳದ್ದು. ಟೀ ಅಂಗಡಿ, ಕೇಕು, ಬ್ರೆಡ್ಡು ಅವರ ವ್ಯಾಪಾರ. ಅವರ ಕಚೇರಿಯ ಬುದ್ಧಿವಂತರು ಕೇಂಬ್ರಿಜ್ಜಿನ ಎಡ್‌ಸ್ಯಾಕ್ ಕಂಪ್ಯೂಟರ್ ಕೆಲಸಕ್ಕೆ ಹಣ ಕೊಟ್ಟು, ಅದರ ಮಾದರಿಯಲ್ಲಿ ತಮ್ಮದೇ ಒಂದು ಕಂಪ್ಯೂಟರನ್ನು ಕಟ್ಟಿಬಿಟ್ಟರು! ಹೆಸರು ಲಿಯೊ. 1951ರ ನವೆಂಬರಿನಲ್ಲಿ ಅದು ಬೇಕರಿಯ ಲೆಕ್ಕ ಮಾಡಿತು, 1954ರ ಹೊತ್ತಿಗೆ ನೌಕರರ ಸಂಬಳದ ಲೆಕ್ಕ ಮಾಡತೊಡಗಿತು. ನುರಿತ ಗುಮಾಸ್ತನಿಗೆ ಒಬ್ಬನ ಲೆಕ್ಕಕ್ಕೆ 8 ನಿಮಿಷ ಬೇಕಿತ್ತು, ಲಿಯೊಗೆ 1.5 ಸೆಕೆಂಡು. ಫೋರ್ಡ್ ಮೋಟಾರ್ ಕಂಪನಿಯವರು ತಮ್ಮ ಡಾಗೆನ್‌ಹ್ಯಾಮ್ ಕಾರ್ಖಾನೆಯ ಸಂಬಳದ ಲೆಕ್ಕವನ್ನು ಈ ಟೀ ಅಂಗಡಿಯವರಿಂದ ಮಾಡಿಸಿಕೊಂಡರು.

ಪ್ಯಾಟರ್ಸನ್ನಿನವರು ಐಸ್‌ಕ್ರೀಮ್ ಅಂಗಡಿಯ ಮೇಲೆ ಕೈಲೆಕ್ಕ ಮಾಡುತ್ತ ಶುರು ಮಾಡಿದ್ದಾಗ ಲಂಡನ್ನಿನವರು ಕಂಪ್ಯೂಟರನ್ನೇ ಕಟ್ಟುತ್ತಿದ್ದರು. ಗೆದ್ದದ್ದು ಯಾರು? ಲಯನ್ಸ್‌ಗೆ ಕಂಪ್ಯೂಟರು ಪಕ್ಕದ ವ್ಯಾಪಾರ. ಯಂತ್ರ ತಯಾರಿಸೋದಕ್ಕೆ ಸುರಿಯಬೇಕಾದ ಹಣ ಕೇಕಿನ ಲಾಭದಿಂದ ಬರಬೇಕು. 1963ರಲ್ಲಿ ಲಿಯೊವನ್ನು ಇಂಗ್ಲಿಷ್ ಎಲೆಕ್ಟ್ರಿಕ್ ಜೊತೆ ಸೇರಿಸಿದರು, ಸ್ವಲ್ಪದರಲ್ಲೇ ತಮ್ಮ ಪಾಲನ್ನೂ ಮಾರಿದರು. ಅವರನ್ನು ದಡ್ಡರು ಅನ್ನೋಕೆ ನನಗೆ ಮನಸ್ಸಿಲ್ಲ. ಕಂಪ್ಯೂಟರ್ ಚರಿತ್ರೆಯಲ್ಲಿ ಅವರ ಜಾಗ ಯಾರೂ ಕಿತ್ತುಕೊಳ್ಳಲಾರರು. ಆದರೆ ಅವರು ಸಂಬಳದ ಲೆಕ್ಕವನ್ನು ಯಂತ್ರದ ಹಲವು ಕೆಲಸಗಳಲ್ಲಿ ಒಂದಾಗಿ ನೋಡಿದರು. ಟೌಬ್‌ಗಳು ಯಂತ್ರವನ್ನು ಸಂಬಳದ ಲೆಕ್ಕದ ಹಲವು ಉಪಕರಣಗಳಲ್ಲಿ ಒಂದಾಗಿ ನೋಡಿದರು. ಮೊದಲು ಪೆನ್ಸಿಲ್ಲು, ಆಮೇಲೆ ತೂತು ಕಾರ್ಡು, 1960ರ ದಶಕದ ಆರಂಭದಲ್ಲಿ ಐಬಿಎಂನವರ 1401 ಕಂಪ್ಯೂಟರು, ಅದೂ ಬಾಡಿಗೆಗೆ!

ಕುಟುಂಬದ ವ್ಯಾಪಾರವಾಗಿ ಅದು ಉಳಿದದ್ದು ಹನ್ನೆರಡು ವರ್ಷ. 1957ರಲ್ಲಿ ಲೌಟನ್‌ಬರ್ಗ್ ಪಾಲುದಾರನಾದ. ಮುಂದೆ ಹೆಸರು 'ಆಟೊಮ್ಯಾಟಿಕ್ ಡೇಟಾ ಪ್ರೊಸೆಸಿಂಗ್' ಆಯಿತು, ಅದೇ ಎಡಿಪಿ. 1961ರಲ್ಲಿ ಷೇರುಪೇಟೆಗೆ ಹೋದರು. ಆಗ ಅವರಿಗಿದ್ದದ್ದು 300 ಗಿರಾಕಿಗಳು, 125 ನೌಕರರು, ಸುಮಾರು 4 ಲಕ್ಷ ಡಾಲರ್ ವಹಿವಾಟು. ಹನ್ನೆರಡು ವರ್ಷ ಬೆವರು ಸುರಿಸಿ ಗಳಿಸಿದ್ದು ಮುನ್ನೂರೇ ಗಿರಾಕಿ. ಆದರೆ ಈ ವ್ಯಾಪಾರದಲ್ಲಿ ಬಂದ ಗಿರಾಕಿ ಸುಲಭಕ್ಕೆ ಬಿಟ್ಟು ಹೋಗೋದಿಲ್ಲ. ಸಂಬಳದ ಲೆಕ್ಕವನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಡೋದು ಅಂದರೆ ಯಾವ ಮಾಲೀಕನಿಗೂ ಮೈ ನಡುಗುತ್ತೆ.

ಷೇರುಪೇಟೆಯ ಹಣ ಬಂದ ಮೇಲೆ ಅವರೂ ಕೈಚಾಚಿದರು. ಷೇರು ದಲ್ಲಾಳಿಗಳ ಲೆಕ್ಕ, ಕಾರು ಮಾರುವವರ ಲೆಕ್ಕ, ವಿಮಾ ಕಂಪನಿಗಳ ಅಪಘಾತದ ಲೆಕ್ಕ, ಎಲ್ಲ. ಒಳ್ಳೆಯ ಲಾಭದ ವ್ಯಾಪಾರಗಳೇ. ಈ ನಡುವೆ 1971ರಲ್ಲಿ ರಾಚೆಸ್ಟರಿನ ಟಾಮ್ ಗೊಲಿಸಾನೊ ಒಂದು ಸಂಗತಿ ಗಮನಿಸಿದ. ಸಂಬಳದ ಲೆಕ್ಕದ ಕಂಪನಿಗಳೆಲ್ಲ ದೊಡ್ಡ ಗಿರಾಕಿಗಳ ಹಿಂದೆ ಬಿದ್ದಿವೆ, ಹತ್ತು ಹದಿನೈದು ಜನರ ಅಂಗಡಿಯವರನ್ನು ಕೇಳುವವರೇ ಇಲ್ಲ. ತಾನು ಕೆಲಸ ಮಾಡುತ್ತಿದ್ದ ಕಂಪನಿಯವರು ಈ ಮಾತಿಗೆ ಕಿವಿಗೊಡಲಿಲ್ಲ. ಮೂರು ಸಾವಿರ ಡಾಲರು ಮತ್ತು ಒಂದು ಕ್ರೆಡಿಟ್ ಕಾರ್ಡ್ ಇಟ್ಟುಕೊಂಡು ತಾನೇ ಶುರು ಮಾಡಿದ. ಅದೇ ಪೇಚೆಕ್ಸ್. ಐಸ್‌ಕ್ರೀಮ್ ಅಂಗಡಿಯ ಮೇಲೆ ಹೆನ್ರಿಗೆ ಕಂಡ ಗಿರಾಕಿಯೇ ಇಪ್ಪತ್ತೆರಡು ವರ್ಷದ ನಂತರ ಇನ್ನೊಬ್ಬನಿಗೆ ಕಂಡದ್ದು.

ಎಡಿಪಿಯವರು ಹರಡಿದ ಕೊಂಬೆಗಳನ್ನು ತಾವೇ ಕತ್ತರಿಸಿದ್ದು ಬಹಳ ತಡವಾಗಿ. 2006ರಲ್ಲಿ ವಿಮಾ ಅಪಘಾತದ ವಿಭಾಗವನ್ನು ಮಾರಿದರು. 2007ರಲ್ಲಿ ಷೇರು ದಲ್ಲಾಳಿಗಳ ವಿಭಾಗ ಬ್ರಾಡ್‌ರಿಜ್ ಅಂತ ಬೇರೆಯಾಯಿತು, ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ವಹಿವಾಟು ಅದರ ಜೊತೆ ಹೋಯಿತು. 2014ರಲ್ಲಿ ಕಾರು ಮಾರುವವರ ವಿಭಾಗ ಸಿಡಿಕೆ ಗ್ಲೋಬಲ್ ಅಂತ ಬೇರೆಯಾಯಿತು. ಆ ವರ್ಷವೇ ಕಂಪನಿ ತನ್ನ ಅತ್ಯುನ್ನತ 'ಎಎಎ' ಸಾಲಯೋಗ್ಯತೆಯ ದರ್ಜೆಯನ್ನೂ ಕಳೆದುಕೊಂಡಿತು. ಒಂದೇ ಕಾಲ ಮೇಲೆ ನಿಂತರೆ ಬೀಳುವ ಭಯ ಹೆಚ್ಚು ಅನ್ನೋದು ದರ್ಜೆ ಕೊಡುವವರ ತರ್ಕ. ಅವರ ಲೆಕ್ಕದಲ್ಲಿ ಅದು ಸರಿಯೇ ಇರಬಹುದು.

ಇನ್ನೊಂದು ವಿಷಯ. ಸಂಬಳದ ಕಂಪನಿಗಳು ಬರೀ ಲೆಕ್ಕ ಮಾಡೋದಲ್ಲ, ದುಡ್ಡನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಮಾಲೀಕನಿಂದ ಬಂದ ಸಂಬಳ, ತೆರಿಗೆಯ ಹಣ ಕೆಲವು ದಿನ ಇವರ ಹತ್ತಿರ ಇರುತ್ತೆ. ಅದರ ಬಡ್ಡಿ ಎಡಿಪಿಯಂಥವರಿಗೆ ದೊಡ್ಡ ಆದಾಯ. ಅಲ್ಲೇ ಪ್ರಲೋಭನೆಯೂ ಇರೋದು. 2019ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಪಾರ್ಕಿನ ಮೈಪೇರೋಲ್‌ಎಚ್‌ಆರ್ ಅನ್ನೋ ಕಂಪನಿ ರಾತ್ರೋರಾತ್ರಿ ಬಾಗಿಲು ಹಾಕಿತು. ಅದರ ಮಾಲೀಕ ವರ್ಷಗಟ್ಟಲೆ ಬ್ಯಾಂಕುಗಳಿಗೆ ಸುಳ್ಳು ವ್ಯವಹಾರ ತೋರಿಸಿ ಸಾಲ ಎತ್ತಿದ್ದ. ಕೊನೆಗೆ ಜನರ ಸಂಬಳದ ಹಣವನ್ನೇ ತನ್ನ ಖಾತೆಗೆ ತಿರುಗಿಸಿದ. ದೇಶದ ಬೇರೆಬೇರೆ ಕಡೆಯ ಸಾವಿರಾರು ಜನಕ್ಕೆ ಒಂದು ಬೆಳಿಗ್ಗೆ ಎದ್ದು ನೋಡಿದರೆ, ಖಾತೆಗೆ ಆಗಲೇ ಬಂದಿದ್ದ ಸಂಬಳ ವಾಪಸು ಹೋಗಿತ್ತು. ಕೆಲವರಿಗೆ ಎರಡು ಸಲ! ಆ ಮಾಲೀಕನಿಗೆ 2021ರಲ್ಲಿ 12 ವರ್ಷ ಜೈಲಾಯಿತು.

ಆ ಸುದ್ದಿ ಓದುವಾಗ ನನಗೆ ಮತ್ತೆ ನನ್ನ ಮೊದಲ ಕೆಲಸದ ಆ ಹತ್ತು ದಿನ ನೆನಪಾಯಿತು. ಅಲ್ಲಿ ಕಾಮಾಲೆ ವಾಸಿಯಾಗಿ ಅವರು ಬಂದರು, ಬಂದ ದಿನವೇ ಮಧ್ಯಾಹ್ನದೊಳಗೆ ಎಲ್ಲರ ಚೆಕ್ಕು ಬರೆದು ಕೊಟ್ಟರು. ಅವರ ಬರವಣಿಗೆ ಮುತ್ತು ಪೋಣಿಸಿದ ಹಾಗಿತ್ತು.